ಎರಡು ತೋಳು, ಒಂದು ಹೊರೆ: ಯಾರ ಪಾಲು ಎಷ್ಟು?

ಒಂದಕ್ಕಿಂತ ಹೆಚ್ಚು ರೋಬಾಟ್ ತೋಳುಗಳು ಅಥವಾ ಬೆರಳುಗಳು ಸೇರಿ ಒಂದೇ ವಸ್ತುವನ್ನು ಹಿಡಿದಾಗ ಬಲ ಹೇಗೆ ಹಂಚಿಹೋಗುತ್ತದೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚುಕಡಿಮೆ ಒಂದೇ ಆಗಿದ್ದ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಉದ್ದದ ಪತ್ರಗಳಿಗೆ ಕತ್ತರಿ ಹಾಕಿದ್ದೇವೆ.

ಪ್ರಶ್ನೆ: ತಲಾ 10 ಕೆ.ಜಿ. ಸಾಮರ್ಥ್ಯದ ಎರಡು ತೋಳುಗಳನ್ನು ಜೋಡಿಸಿದರೆ 20 ಕೆ.ಜಿ.ಯ ಚೌಕಟ್ಟು ಎತ್ತಬಹುದಲ್ಲವೇ? ಮಾರುವವರು ಹೌದು ಅನ್ನುತ್ತಿದ್ದಾರೆ.
— ಸಣ್ಣ ಕೈಗಾರಿಕೆಯ ಮಾಲೀಕರು, ಪೀಣ್ಯ

ಎತ್ತಲಾರವು. 12 ಕೆ.ಜಿ. ಎಂದಿಟ್ಟುಕೊಂಡು ಲೆಕ್ಕ ಶುರುಮಾಡಿ. 15 ಮುಟ್ಟಿದರೆ ನಿಮ್ಮ ಪುಣ್ಯ.

ಕ್ಯಾಟಲಾಗಿನ 10 ಕೆ.ಜಿ.ಯಲ್ಲಿ ಗ್ರಿಪ್ಪರ್ (ತೋಳ ತುದಿಯ ಹಿಡಿಯುವ ಕೈ) ತೂಕವೂ ಸೇರಿರುತ್ತದೆ. ಗ್ರಿಪ್ಪರ್, ಫೋರ್ಸ್ ಸೆನ್ಸರ್ ಎರಡಕ್ಕೂ ಸೇರಿ 1.5 ಕೆ.ಜಿ. ಕಳೆದರೆ ಉಳಿದದ್ದು 8.5. ಇನ್ನು ಗುರುತ್ವ ಕೇಂದ್ರದ ಮಾತು. ಎರಡು ಹಿಡಿತಗಳ ನಡುವೆ 1.6 ಮೀಟರ್ ಇದ್ದು, ಚೌಕಟ್ಟಿನ ಗುರುತ್ವ ಕೇಂದ್ರ ನಡುಮಧ್ಯದಿಂದ ಬರೀ 10 ಸೆಂ.ಮೀ. ಆಚೆ ಸರಿದಿದೆ ಅನ್ನಿ. ಹತ್ತಿರದ ತೋಳಿನ ಮೇಲೆ ಶೇ. 56, ದೂರದ್ದರ ಮೇಲೆ ಶೇ. 44 ಬೀಳುತ್ತದೆ. ಹತ್ತಿರದ ತೋಳು 8.5 ಕೆ.ಜಿ. ದಾಟಬಾರದು ಅಂದರೆ ಒಟ್ಟು ಹೊರೆ 15 ಕೆ.ಜಿ.ಗೆ ನಿಂತಿತು. ದೂರದ ತೋಳಿಗೆ ಇನ್ನೂ ಶಕ್ತಿ ಇದ್ದರೂ ಅದು ಪ್ರಯೋಜನಕ್ಕಿಲ್ಲ.

ಗಟ್ಟಿಯಾಗಿ ಕಚ್ಚುವ ಗ್ರಿಪ್ಪರ್ ಆದರೆ ಮಣಿಕಟ್ಟನ್ನು ತಿರುಚಿ ಪಾಲನ್ನು ಸಮ ಮಾಡಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಮಾಡಬಹುದು, ಬೆಲೆ ತೆರಬೇಕು. ಒಂದು ತೋಳಿನಿಂದ ಇನ್ನೊಂದಕ್ಕೆ 1 ಕೆ.ಜಿ.ಯಷ್ಟು ಪಾಲನ್ನು ದಾಟಿಸಲು 9.81 ನ್ಯೂಟನ್ ಗುಣಿಸು 1.6 ಮೀಟರ್, ಅಂದರೆ 15.7 ನ್ಯೂಟನ್-ಮೀಟರ್ ಟಾರ್ಕನ್ನು (ತಿರುಗಿಸುವ ಬಲವನ್ನು) ಎರಡು ಮಣಿಕಟ್ಟುಗಳು ಹಂಚಿಕೊಂಡು ಹೊರಬೇಕು. ಮಣಿಕಟ್ಟು ತೋಳಿನಲ್ಲೇ ಅತಿ ದುರ್ಬಲವಾದ ಜಾಗ.

ಚೌಕಟ್ಟನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪದ್ಧತಿಯಾದರೆ ಇನ್ನೂ ಒಂದು ಖರ್ಚಿದೆ. 150 ನ್ಯೂಟನ್ ಒತ್ತುವ ಬಲದ ಗೆರೆ ಭುಜದ ಅಕ್ಷದಿಂದ 0.6 ಮೀಟರ್ ದೂರದಲ್ಲಿ ಹಾದುಹೋದರೆ ಆ ಕೀಲಿಗೆ 90 ನ್ಯೂಟನ್-ಮೀಟರ್ ಹೊರೆ. ಅಷ್ಟೇ ದೂರದಲ್ಲಿ 9 ಕೆ.ಜಿ. ಹಿಡಿದು ನಿಂತರೆ ಬೀಳುವುದು 53 ಮಾತ್ರ. ಕ್ಯಾಟಲಾಗಿನ ಕೆ.ಜಿ. ಅಂಕಿಯಲ್ಲಿ ಈ ಒತ್ತಡದ ಪ್ರಸ್ತಾಪವೇ ಇರುವುದಿಲ್ಲ. ಮಾರುವವರನ್ನು ಕೇಳಬೇಕಾದ್ದು ಪ್ರತಿ ಕೀಲಿನ ಟಾರ್ಕ್ ಮಿತಿಯನ್ನು.

ಪ್ರಶ್ನೆ: ಪಠ್ಯದಲ್ಲಿ 'ಆಂತರಿಕ ಬಲ' ಅನ್ನುತ್ತಾರೆ. ವಸ್ತುವನ್ನು ಅಲ್ಲಾಡಿಸದ ಬಲಕ್ಕೆ ಇಷ್ಟು ಮಹತ್ವ ಯಾಕೆ? ಅದು ನಿಜವಾಗಿ ಇರುವುದೇ ಅಥವಾ ಬರೀ ಗಣಿತವೇ?
— ಮೆಕ್ಯಾನಿಕಲ್ ವಿದ್ಯಾರ್ಥಿನಿ, ದಾವಣಗೆರೆ

ನಿಜವಾಗಿಯೂ ಇದೆ. ವಸ್ತುವಿನ ನಡುವೆ ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ಪಟ್ಟಿ) ಅಂಟಿಸಿದರೆ ಮುಳ್ಳು ಅಲ್ಲಾಡುವಷ್ಟು ನಿಜ.

ಒಂದು ವಸ್ತುವಿನ ಚಲನೆ ನಿರ್ಧಾರವಾಗಲು ಆರು ಅಂಕಿ ಸಾಕು: ಮೂರು ದಿಕ್ಕಿನ ಬಲ, ಮೂರು ಅಕ್ಷದ ಸುತ್ತ ಟಾರ್ಕ್. ಬಿಗಿಯಾಗಿ ಕಚ್ಚಿಹಿಡಿದ ಒಂದು ತೋಳು ಆರನ್ನೂ ಕೊಡಬಲ್ಲದು. ಎರಡು ತೋಳಾದರೆ 12 ಅಂಕಿಗಳು ನಮ್ಮ ಕೈಯಲ್ಲಿ, ಪೂರೈಸಬೇಕಾದ ಸಮೀಕರಣಗಳು ಆರೇ. ಉಳಿದ ಆರು ವಸ್ತುವನ್ನು ಕದಲಿಸುವುದಿಲ್ಲ. ಹಿಂಡುತ್ತವೆ, ಎಳೆಯುತ್ತವೆ, ತಿರುಚುತ್ತವೆ, ಬಗ್ಗಿಸುತ್ತವೆ. ಬೀಮ್ ಪಾಠದಲ್ಲಿ ನೀವು ಓದಿದ ಆರೇ ಇವು: ಉದ್ದಕ್ಕೆ ಒಂದು, ತಿರುಚು ಒಂದು, ಕತ್ತರಿಸುವ ಬಲ ಎರಡು, ಬಾಗು ಎರಡು.

ಬೆರಳ ತುದಿಗಳಿಗೆ ಲೆಕ್ಕ ಬೇರೆ. ತುದಿ ಬರೀ ತಾಗುತ್ತದೆ, ಟಾರ್ಕ್ ಕೊಡಲಾರದು, ಹಾಗಾಗಿ ಬೆರಳಿಗೆ ಮೂರೇ ಅಂಕಿ. ಮೂರು ಬೆರಳಿಗೆ ಒಂಬತ್ತು. ಆರು ಕಳೆದರೆ ಮೂರು ಆಂತರಿಕ ಬಲಗಳು, ಒಂದೊಂದೂ ಎರಡೆರಡು ತುದಿಗಳನ್ನು ಸೇರಿಸುವ ಗೆರೆಯ ಮೇಲೆ. 1980ರ ದಶಕದ ಆರಂಭದಲ್ಲಿ ಕೆನೆತ್ ಸ್ಯಾಲಿಸ್‌ಬರಿ ವಿನ್ಯಾಸ ಮಾಡಿದ ಕೈಗೆ ಮೂರು ಬೆರಳು, ಒಂಬತ್ತು ಕೀಲು ಇದ್ದದ್ದು ಸುಮ್ಮನೆ ಅಲ್ಲ. ಎರಡು ಬೆರಳಿನಲ್ಲಿ ಮಾತ್ರ ಒಂದು ಮೋಸ ಇದೆ. ಅಂಕಿ ಆರು, ಸಮೀಕರಣ ಆರು, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಎರಡು ತುದಿಗಳನ್ನು ಸೇರಿಸುವ ಗೆರೆಯ ಸುತ್ತ ವಸ್ತು ತಿರುಗಿದರೆ ತಡೆಯುವವರಿಲ್ಲ. ಹಿಡಿತಕ್ಕೆ ಸಿಕ್ಕುವುದು ಐದೇ ದಿಕ್ಕು, ಉಳಿದ ಒಂದು ಚಿವುಟುವ ಬಲವಾಗುತ್ತದೆ. ಹೆಬ್ಬೆರಳು-ತೋರುಬೆರಳಲ್ಲಿ ತಟ್ಟೆಯ ಅಂಚು ಹಿಡಿದರೆ ಅದು ಜೋತುಬೀಳುವುದು ಇದೇ ಕಾರಣಕ್ಕೆ.

ಮಹತ್ವ ಯಾಕೆ ಅಂದಿರಿ. ಹೊರೆ ಎತ್ತಲು ಬೇಕಾದ ಬಲವನ್ನು ಭೌತವಿಜ್ಞಾನವೇ ಗೊತ್ತುಮಾಡಿಬಿಡುತ್ತದೆ, ಅಲ್ಲಿ ನಮ್ಮದೇನೂ ನಡೆಯದು. ಆಂತರಿಕ ಬಲ ಎಷ್ಟಿರಬೇಕು ಎಂಬುದು ಮಾತ್ರ ನಮ್ಮ ಆಯ್ಕೆ. ಕಡಿಮೆಯಾದರೆ ವಸ್ತು ಜಾರುತ್ತದೆ, ಹೆಚ್ಚಾದರೆ ನಜ್ಜುಗುಜ್ಜಾಗುತ್ತದೆ. ಏನೂ ಆಯ್ಕೆ ಮಾಡದೆ ಬಿಟ್ಟರೆ ಅದು ಸೊನ್ನೆಯಾಗುವುದಿಲ್ಲ. ತೋಳುಗಳ ಸ್ಥಾನದೋಷ ಬಂದು ತನಗೆ ತೋಚಿದ ಅಂಕಿಯನ್ನು ತುಂಬುತ್ತದೆ. ಮುಂದಿನ ಪತ್ರವೇ ಅದಕ್ಕೆ ಸಾಕ್ಷಿ.

ಇದನ್ನು ಚಿತ್ರವಾಗಿ ನೋಡಬೇಕಿದ್ದರೆ 1993ರಲ್ಲಿ ಡೇವಿಡ್ ವಿಲಿಯಮ್ಸ್ ಮತ್ತು ಔಸ್ಸಾಮಾ ಖತೀಬ್ ಮುಂದಿಟ್ಟ 'ವರ್ಚುವಲ್ ಲಿಂಕೇಜ್' ಒಳ್ಳೆಯದು. ಹಿಡಿತದ ಬಿಂದುಗಳ ನಡುವೆ ಉದ್ದ ಬದಲಿಸಬಲ್ಲ ಕಾಣದ ಕಡ್ಡಿಗಳಿವೆ, ಪ್ರತಿ ಬಿಂದುವಿನಲ್ಲಿ ಒಂದು ಗೋಳಕೀಲು ಇದೆ ಎಂದು ಭಾವಿಸುವುದು. ಮೂರು ಬಿಗಿ ಹಿಡಿತಕ್ಕೆ ಮೂರು ಕಡ್ಡಿ, ಮೂರು ಕೀಲಿನ ಒಂಬತ್ತು ಟಾರ್ಕ್, ಒಟ್ಟು 12. 18ರಲ್ಲಿ ಆರು ಕಳೆದರೂ 12.

ಪ್ರಶ್ನೆ: ಎರಡು ಆರು-ಅಕ್ಷದ ರೋಬಾಟ್‌ಗಳಿಗೆ ಹೊಂದಾಣಿಕೆಯ ಪಥ ಬರೆದು 1.6 ಮೀಟರ್ ಉದ್ದದ, 20×20 ಮಿ.ಮೀ. ಉಕ್ಕಿನ ಸರಳು ಎತ್ತಿಸುತ್ತಿದ್ದೇವೆ. ಬರಿಗೈಯಲ್ಲಿ ಓಡಿಸಿದರೆ ಚೆನ್ನಾಗಿ ಓಡುತ್ತವೆ. ಸರಳು ಹಿಡಿದರೆ ಅರ್ಧ ದಾರಿಯಲ್ಲಿ ಓವರ್‌ಲೋಡ್ ತೋರಿಸಿ ನಿಲ್ಲುತ್ತವೆ. ಸರಳಿನ ತೂಕ 5 ಕೆ.ಜಿ. ಮಾತ್ರ, ರಿಪೀಟಬಿಲಿಟಿ 0.05 ಮಿ.ಮೀ. ದೋಷ ಎಲ್ಲಿದೆ?
— ನಿರ್ವಹಣಾ ಎಂಜಿನಿಯರ್, ಹುಬ್ಬಳ್ಳಿ

ತೂಕಕ್ಕೂ ನಿಮ್ಮ ಓವರ್‌ಲೋಡಿಗೂ ಸಂಬಂಧವಿಲ್ಲ. ಎರಡು ರೋಬಾಟ್‌ಗಳು ಸರಳಿನ ಮೂಲಕ ಒಂದರೊಡನೊಂದು ಜಗಳ ಆಡುತ್ತಿವೆ.

ಸರಳಿನ ಉದ್ದಕ್ಕೆ ಬಿಗಿತ ಲೆಕ್ಕ ಹಾಕಿದರೆ ಒಂದು ಮಿ.ಮೀ.ಗೆ 50,000 ನ್ಯೂಟನ್. ರೋಬಾಟಿನ ತುದಿಯ ಬಿಗಿತ ಭಂಗಿಯ ಮೇಲೆ ಬದಲಾಗುತ್ತದೆ, ಮಿ.ಮೀ.ಗೆ 500 ನ್ಯೂಟನ್ ಹಿಡಿಯೋಣ. ಎರಡು ರೋಬಾಟ್ ಸರಣಿಯಲ್ಲಿ ಬಂದರೆ 250. ಸರಳು ಇವುಗಳ ಮುಂದೆ ಬಂಡೆ. ಅಂದಮೇಲೆ ಎರಡು ಕೈಗಳ ಅಂತರದಲ್ಲಿ ಒಂದು ಮಿ.ಮೀ. ತಪ್ಪಿದರೆ 250 ನ್ಯೂಟನ್ ಹುಟ್ಟುತ್ತದೆ, ಅಂದರೆ 25 ಕೆ.ಜಿ. ತೂಗುಹಾಕಿದ ಹಾಗೆ.

ಒಂದು ಮಿ.ಮೀ. ಎಲ್ಲಿಂದ ಬಂತು? ರಿಪೀಟಬಿಲಿಟಿ ಅಂದರೆ ಕಲಿಸಿದ ಜಾಗಕ್ಕೇ ಮತ್ತೆ ಮತ್ತೆ ಬರುವ ಗುಣ. ಲೆಕ್ಕದಿಂದ ಕೊಟ್ಟ ಜಾಗಕ್ಕೆ ಸರಿಯಾಗಿ ಹೋಗುವುದು ಅಕ್ಯುರಸಿ, ಅದು ಬೇರೆಯೇ ಅಂಕಿ, ಯಾವಾಗಲೂ ಹೆಚ್ಚು ಕೆಟ್ಟದ್ದು. ಅದರ ಮೇಲೆ ಒಂದು ರೋಬಾಟಿನ ಬುಡಕ್ಕೂ ಇನ್ನೊಂದರ ಬುಡಕ್ಕೂ ಇರುವ ಕೋನವನ್ನು ನೀವು 0.1 ಡಿಗ್ರಿ ತಪ್ಪಾಗಿ ಅಳೆದಿದ್ದರೆ, ಒಂದು ಮೀಟರ್ ಚಲಿಸುವಷ್ಟರಲ್ಲಿ 1.7 ಮಿ.ಮೀ. ಸರಿದುಹೋಗುತ್ತದೆ, ಆ ಸರಿತ ಸರಳಿನ ಉದ್ದಕ್ಕೇ ಬಂದರೆ 430 ನ್ಯೂಟನ್ ದಾಟಿತು. ಅರ್ಧ ದಾರಿಯಲ್ಲೇ ನಿಲ್ಲುವುದಕ್ಕೆ ಇದೇ ಮೊದಲ ಶಂಕಿತ. ಎರಡನೆಯದು ಸಮಯ. ಕಂಟ್ರೋಲರ್‌ಗಳು ಬೇರೆಬೇರೆ ಇದ್ದು ಒಂದು 8 ಮಿಲಿಸೆಕೆಂಡ್ ಹಿಂದೆ ಬಿದ್ದರೆ, ಸೆಕೆಂಡಿಗೆ 250 ಮಿ.ಮೀ. ವೇಗದಲ್ಲಿ 2 ಮಿ.ಮೀ. ವ್ಯತ್ಯಾಸ.

ಯಾವುದು ಎಂದು ಪತ್ತೆ ಮಾಡುವುದು ಸುಲಭ. ಸರಳಿನ ಬದಲು ಒಂದರೊಳಗೊಂದು ಜಾರುವ ಎರಡು ಕೊಳವೆಗಳನ್ನು ಹಿಡಿಸಿ, ಜಾರುವ ಜಾಗದಲ್ಲಿ ಡಯಲ್ ಗೇಜ್ ಕಟ್ಟಿ. ಅದೇ ಪಥವನ್ನು ಒಮ್ಮೆ ಶೇ. 10 ವೇಗದಲ್ಲಿ, ಒಮ್ಮೆ ಪೂರ್ಣ ವೇಗದಲ್ಲಿ ಓಡಿಸಿ. ಗೇಜಿನ ಏರಿಳಿತ ಎರಡರಲ್ಲೂ ಅಷ್ಟೇ ಇದ್ದರೆ ದೋಷ ಕ್ಯಾಲಿಬ್ರೇಶನ್ನಿನದು. ವೇಗದೊಡನೆ ಬೆಳೆದರೆ ಸಮಯದ್ದು. ಬಹಳ ಕಡೆ ಎರಡೂ ಇರುತ್ತವೆ. ಒಂದೇ ಕಂಟ್ರೋಲರ್‌ನಿಂದ ಹಲವು ರೋಬಾಟ್ ಓಡಿಸುವ ವ್ಯವಸ್ಥೆ (ಎಬಿಬಿಯ ಮಲ್ಟಿಮೂವ್ 2004ರಲ್ಲಿ ನಾಲ್ಕು ರೋಬಾಟ್‌ಗಳಿಗೆ ಬಂತು) ಸಮಯದ ದೋಷ ನೀಗಿಸುತ್ತದೆ. ಬುಡದ ಕೋನ ತಪ್ಪಿದ್ದರೆ ಅದೂ ಏನೂ ಮಾಡದು.

ಈಗ ಪರಿಹಾರ, ಖರ್ಚು ಕಡಿಮೆ ಇರುವುದರಿಂದ ಶುರುಮಾಡಿ. ಬುಡದ ಸಂಬಂಧವನ್ನು ಮೂರು ಬಿಂದುಗಳಿಂದ ತೆಗೆದಿದ್ದರೆ ಅದನ್ನು ಬಿಸಾಕಿ. ಸರಳು ಓಡಾಡುವ ಜಾಗದ ಉದ್ದಗಲಕ್ಕೂ ಹತ್ತು-ಹನ್ನೆರಡು ಕಡೆ ಎರಡೂ ರೋಬಾಟ್‌ಗಳ ಮೊನೆಯನ್ನು ಒಂದೇ ಪಿನ್ನಿಗೆ ಮುಟ್ಟಿಸಿ, ಒಟ್ಟು ತಪ್ಪನ್ನು ಅತಿ ಕಡಿಮೆ ಮಾಡುವ ಲೀಸ್ಟ್ ಸ್ಕ್ವೇರ್ಸ್‌ನಿಂದ ಹೊಸದಾಗಿ ಲೆಕ್ಕ ಹಾಕಿ. ಆಮೇಲೆ ಒಂದು ಗ್ರಿಪ್ಪರ್ ಹಿಂದೆ ಮಿ.ಮೀ.ಗೆ 20 ನ್ಯೂಟನ್ ಬಿಗಿತದ ರಬ್ಬರ್ ಬುಷ್ ಹಾಕಿ. 2 ಮಿ.ಮೀ. ತಪ್ಪಿಗೆ ಹುಟ್ಟುತ್ತಿದ್ದ 500 ನ್ಯೂಟನ್ ಈಗ 40ರ ಒಳಗೆ ಬರುತ್ತದೆ. ಇದಕ್ಕೂ ತೆರಿಗೆ ಇದೆ: ಆ ಬುಷ್ ಮೇಲೆ 10 ಕೆ.ಜಿ. ಕೂತರೆ ಸುಮಾರು 7 ಹರ್ಟ್ಸ್‌ನಲ್ಲಿ ಓಲಾಡುತ್ತದೆ, ಹಾಗಾಗಿ ಧಡಕ್ಕನೆ ನಿಲ್ಲಿಸುವ ಪಥ ಬರೆಯಬೇಡಿ. ಐದು ಕೆ.ಜಿ. ಸರಳಿಗೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ದುಡ್ಡು ಸುರಿಯುವ ಅಗತ್ಯ ನಮಗೆ ಕಾಣುವುದಿಲ್ಲ.

ಗಾಜು, ತೆಳು ತಗಡು, ಕಾರ್ಬನ್ ಫೈಬರ್ ಪ್ಯಾನೆಲ್ ಆದರೆ ಫೋರ್ಸ್ ಕಂಟ್ರೋಲ್ (ಬಲ ಅಳೆದು ಅದರಂತೆ ತೋಳು ನಡೆಸುವುದು) ಬೇಕು. ಒಂದು ತೋಳು ಯಜಮಾನ, ಸ್ಥಾನ ನೋಡಿಕೊಳ್ಳುತ್ತದೆ. ಇನ್ನೊಂದು ಬಲ ನೋಡಿಕೊಂಡು ಹಿಂಬಾಲಿಸುತ್ತದೆ ಎಂಬ ಪದ್ಧತಿ ಬರೆಯಲು ಸುಲಭ. ಆದರೆ ಬಲದಲ್ಲಿ ತಪ್ಪು ಕಂಡ ಮೇಲಷ್ಟೇ ಹಿಂಬಾಲಕ ಕದಲುತ್ತದೆ, ಹೀಗಾಗಿ ಹೊರಡುವಾಗ, ನಿಲ್ಲುವಾಗ ವಸ್ತುವಿನ ಜಡತ್ವವೆಲ್ಲ ಯಜಮಾನನ ತಲೆಗೇ. 1988ರಲ್ಲಿ ಮಸಾರು ಉಚಿಯಾಮಾ ಮತ್ತು ಪಿಯೆರ್ ದೊಶೆ ತೋರಿಸಿದ ಸಮಾನತೆಯ ವಿಧಾನ ಮೇಲು: ಎರಡು ಕೈಗಳ ಸರಾಸರಿ ಸ್ಥಾನವನ್ನು ವಸ್ತುವಿನ ಸ್ಥಾನವೆಂದು ನಿಯಂತ್ರಿಸುವುದು, ಎರಡು ಕೈಗಳ ಬಲದ ವ್ಯತ್ಯಾಸವನ್ನು ಆಂತರಿಕ ಬಲವೆಂದು ಬೇರೆ ಲೂಪಿನಲ್ಲಿ ನಿಯಂತ್ರಿಸುವುದು. ಇಬ್ಬರೂ ಯಜಮಾನರಲ್ಲ.

ಅದನ್ನು ಓಡಿಸುವ ಮೊದಲು ಸೆನ್ಸರಿಗೆ ಗ್ರಿಪ್ಪರ್ ತೂಕ ಕಲಿಸಿ. ಖಾಲಿ ಗ್ರಿಪ್ಪರನ್ನು ಎಂಟು-ಹತ್ತು ಬೇರೆ ಬೇರೆ ಭಂಗಿಗಳಲ್ಲಿ ನಿಲ್ಲಿಸಿ ಓದಿದ ಅಂಕಿಗಳಿಂದ ಗ್ರಿಪ್ಪರ್ ತೂಕ, ಅದರ ಗುರುತ್ವ ಕೇಂದ್ರ, ಸೆನ್ಸರಿನ ಸೊನ್ನೆದೋಷ ಮೂರನ್ನೂ ಬಿಡಿಸಿಕೊಳ್ಳಬಹುದು. ಇದನ್ನು ಹಾರಿಸಿ ಬರೀ 'ಝೀರೋ' ಗುಂಡಿ ಒತ್ತಿದವರಿಗೆ ಮಣಿಕಟ್ಟು 90 ಡಿಗ್ರಿ ತಿರುಗಿದ ಕೂಡಲೇ 15 ನ್ಯೂಟನ್ ಸುಳ್ಳು ಬಲ ಕಾಣುತ್ತದೆ. ಹಿಡಿಯುವಾಗ 5 ನ್ಯೂಟನ್ ತಾಗುವವರೆಗೆ ನಿಧಾನ ಹೋಗಿ, ಒತ್ತುವ ಬಲವನ್ನು ಅರ್ಧ ಸೆಕೆಂಡಿನಲ್ಲಿ ಬೇಕಾದಷ್ಟಕ್ಕೆ ಏರಿಸಿ, 5 ಮಿ.ಮೀ. ಎತ್ತಿ ನಿಲ್ಲಿಸಿ. ಎರಡೂ ಸೆನ್ಸರಿನ ಲಂಬ ಬಲ ಕೂಡಿದರೆ ವಸ್ತುವಿನ ತೂಕ ಬರಬೇಕು. ಬರದಿದ್ದರೆ ಅಲ್ಲೇ ನಿಲ್ಲಿಸಿ. ವಸ್ತು ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆ.

ಪ್ರಶ್ನೆ: ಬಲ ಹಂಚಲು ಗ್ರಾಸ್ಪ್ ಮ್ಯಾಟ್ರಿಕ್ಸ್‌ನ ಸೂಡೊಇನ್ವರ್ಸ್ ಬಳಸಿದೆ. ಪ್ರೋಗ್ರಾಮನ್ನು ಮೀಟರ್‌ನಿಂದ ಮಿಲಿಮೀಟರ್‌ಗೆ ಬದಲಿಸಿದಾಗ ಉತ್ತರವೇ ಬದಲಾಯಿತು. ಕೋಡ್‌ನಲ್ಲಿ ದೋಷ ಸಿಗುತ್ತಿಲ್ಲ.
— ಎಂ.ಟೆಕ್. ವಿದ್ಯಾರ್ಥಿ, ಸುರತ್ಕಲ್

ಕೋಡ್ ಸರಿ ಇದೆ. ನೀವು ಕೇಳಿದ ಪ್ರಶ್ನೆಯೇ ಅರ್ಥವಿಲ್ಲದ್ದು.

ಗ್ರಾಸ್ಪ್ ಮ್ಯಾಟ್ರಿಕ್ಸ್ ಅಂದರೆ ಎಲ್ಲ ಹಿಡಿತಗಳ ಬಲ ಸೇರಿ ವಸ್ತುವಿನ ಮೇಲೆ ಒಟ್ಟು ಎಷ್ಟಾಗುತ್ತದೆ ಎಂದು ಹೇಳುವ ಕೋಷ್ಟಕ. ಅದರ ಸೂಡೊಇನ್ವರ್ಸ್ ಮಾಡುವುದು ಇಷ್ಟೇ: ಸಮೀಕರಣ ಪೂರೈಸುವ ಅಸಂಖ್ಯ ಉತ್ತರಗಳಲ್ಲಿ ವರ್ಗಗಳ ಮೊತ್ತ ಅತಿ ಕಡಿಮೆ ಇರುವುದನ್ನು ಆರಿಸುತ್ತದೆ. ಆ ಮೊತ್ತದಲ್ಲಿ ನ್ಯೂಟನ್ನಿನ ವರ್ಗ, ನ್ಯೂಟನ್-ಮೀಟರ್‌ನ ವರ್ಗ ಎರಡನ್ನೂ ಕೂಡುತ್ತಿದ್ದೀರಿ. ರೂಪಾಯಿಗೆ ಡಾಲರ್ ಕೂಡಿದ ಲೆಕ್ಕ ಅದು.

ಚಿಕ್ಕ ಉದಾಹರಣೆ ಬಿಡಿಸೋಣ. ಒಂದು ಸರಳನ್ನು ಎರಡು ತೋಳುಗಳು ನಡುಮಧ್ಯದಿಂದ ಅರ್ಧರ್ಧ ಮೀಟರ್ ದೂರದಲ್ಲಿ ಬಿಗಿಯಾಗಿ ಹಿಡಿದಿವೆ. ಸರಳನ್ನು 10 ನ್ಯೂಟನ್-ಮೀಟರ್ ಟಾರ್ಕಿನಿಂದ ತಿರುಗಿಸಬೇಕು, ಎಲ್ಲಿಗೂ ಸರಿಸಬಾರದು. ಎರಡು ದಾರಿ ಇವೆ: ತೋಳುಗಳು ವಿರುದ್ಧ ದಿಕ್ಕಿಗೆ ತಳ್ಳಬಹುದು, ಅಥವಾ ಮಣಿಕಟ್ಟುಗಳೇ ತಿರುಚಬಹುದು. ಮೀಟರಿನಲ್ಲಿ ಲೆಕ್ಕ ಹಾಕಿದರೆ ಸೂಡೊಇನ್ವರ್ಸ್ ಕೊಡುವ ಉತ್ತರ: ಪ್ರತಿ ತೋಳಿಗೆ 2 ನ್ಯೂಟನ್ ತಳ್ಳುವಿಕೆ, 4 ನ್ಯೂಟನ್-ಮೀಟರ್ ತಿರುಚು. ಅಂದರೆ ಹತ್ತರಲ್ಲಿ ಎಂಟು ಪಾಲು ಮಣಿಕಟ್ಟಿನ ಮೇಲೆ. ಮಿಲಿಮೀಟರಿನಲ್ಲಿ ಹಾಕಿದರೆ: ಪ್ರತಿ ತೋಳಿಗೆ 10 ನ್ಯೂಟನ್ ತಳ್ಳುವಿಕೆ, ತಿರುಚು 0.02 ನ್ಯೂಟನ್-ಮಿಲಿಮೀಟರ್, ಅಂದರೆ ಇಲ್ಲವೇ ಇಲ್ಲ. ಎರಡೂ ಸಮೀಕರಣಕ್ಕೆ ಸರಿ. ನಿಮ್ಮ ರೋಬಾಟ್ ಯಾವುದನ್ನು ಮಾಡಬೇಕು ಎಂಬುದನ್ನು ಅಳತೆಪಟ್ಟಿ ನಿರ್ಧರಿಸಿತು, ಅಷ್ಟೆ.

ದಾರಿ ಏನೆಂದರೆ ತೂಕ ಹಾಕಿದ ಸೂಡೊಇನ್ವರ್ಸ್. ಪ್ರತಿ ಅಂಕಿಯನ್ನೂ ಆ ತೋಳು ಕೊಡಬಲ್ಲ ಗರಿಷ್ಠದಿಂದ ಭಾಗಿಸಿ, ಆಮೇಲೆ ವರ್ಗ ಮಾಡಿ ಕೂಡಿ. ತೋಳಿನ ಮಿತಿ 100 ನ್ಯೂಟನ್, ಮಣಿಕಟ್ಟಿನ ಮಿತಿ 20 ನ್ಯೂಟನ್-ಮೀಟರ್ ಆದರೆ ಮೇಲಿನ ಲೆಕ್ಕಕ್ಕೆ 8.6 ನ್ಯೂಟನ್, 0.69 ನ್ಯೂಟನ್-ಮೀಟರ್ ಎಂಬ ಉತ್ತರ ಬರುತ್ತದೆ. ಯಾವ ಮಾನದಲ್ಲಿ ಹಾಕಿದರೂ ಅದೇ. ಒಂದು ತೋಳು 10 ಕೆ.ಜಿ.ಯದು, ಇನ್ನೊಂದು 5 ಕೆ.ಜಿ.ಯದು ಇದ್ದಾಗಲೂ ಇದೇ ಉಪಾಯ. ಒಂದೇ ಎಚ್ಚರಿಕೆ: ಭಾಗಿಸಿದ್ದನ್ನು ವರ್ಗ ಮಾಡುವುದರಿಂದ, ಮಣಿಕಟ್ಟು ಅಡ್ಡಬರದ ಕಡೆ ಪಾಲು 2:1ರಲ್ಲಿ ಬರದೆ 4:1ರಲ್ಲಿ ಬರುತ್ತದೆ. 2:1 ಬೇಕಿದ್ದರೆ ಗರಿಷ್ಠದ ವರ್ಗಮೂಲದಿಂದ ಭಾಗಿಸಿ.

ಇನ್ನೊಂದು ವಿಷಯ, ನಿಮ್ಮ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. 'ಸೂಡೊಇನ್ವರ್ಸ್ ಕೊಟ್ಟ ಹಂಚಿಕೆಯಲ್ಲಿ ಆಂತರಿಕ ಬಲ ಇರುವುದಿಲ್ಲ' ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ಯಾವಾಗಲೂ ನಿಜವಲ್ಲ ಎಂದು ಇಯಾನ್ ವಾಕರ್, ರಾಬರ್ಟ್ ಫ್ರೀಮನ್, ಸ್ಟೀವನ್ ಮಾರ್ಕಸ್ 1991ರಲ್ಲಿ ತೋರಿಸಿ, ಹಿಂಡದ ಹಂಚಿಕೆಗೆ ಬೇರೆ ಇನ್ವರ್ಸ್ ಕೊಟ್ಟರು. 2015ರಲ್ಲಿ ಸೆಬಾಸ್ಟಿಯನ್ ಎರ್ಹಾರ್ಟ್ ಮತ್ತು ಸಾಂಡ್ರಾ ಹಿರ್ಷೆ ಆಂತರಿಕ ಬಲದ ವ್ಯಾಖ್ಯೆಯನ್ನೇ ಚಲನೆಯ ನಿರ್ಬಂಧಗಳಿಂದ ಮತ್ತೆ ಕಟ್ಟಿದರು. ಪ್ರಬಂಧ ಬರೆಯುವುದಾದರೆ ಇವೆರಡನ್ನೂ ಓದದೆ 'ಆಂತರಿಕ' ಎಂಬ ಶಬ್ದ ಬಳಸಬೇಡಿ.

ಪ್ರಶ್ನೆ: ಮೂರು ಬೆರಳಿನ ಗ್ರಿಪ್ಪರ್‌ನಲ್ಲಿ 0.6 ಕೆ.ಜಿ. ಗಾಜಿನ ಬಾಟಲಿ ಹಿಡಿಸಬೇಕು. ಎಷ್ಟು ಒತ್ತಬೇಕು ಎಂದು ಲೆಕ್ಕ ಹಾಕುವುದು ಹೇಗೆ?
— ಪಾಲಿಟೆಕ್ನಿಕ್ ಉಪನ್ಯಾಸಕರು, ಹಾಸನ

ಮೊದಲು ಘರ್ಷಣಾಂಕ ಅಳೆಯಿರಿ, ಪುಸ್ತಕದ ಕೋಷ್ಟಕ ನಂಬಬೇಡಿ. ಬೆರಳಿಗೆ ಹಾಕಿದ ರಬ್ಬರನ್ನೇ ಹಲಗೆಗೆ ಅಂಟಿಸಿ, ಗಾಜನ್ನು ಮೇಲಿಟ್ಟು ಹಲಗೆ ಓರೆ ಮಾಡುತ್ತ ಹೋಗಿ. ಜಾರಲು ಶುರುವಾದ ಕೋನದ ಟ್ಯಾಂಜೆಂಟ್ ನಿಮ್ಮ ಘರ್ಷಣಾಂಕ. ಗಾಜು ಒಣಗಿದ್ದಾಗ ಒಮ್ಮೆ, ಫ್ರಿಜ್ಜಿನಿಂದ ತೆಗೆದು ಬೆವರಿದ್ದಾಗ ಒಮ್ಮೆ ಮಾಡಿ, ಚಿಕ್ಕದನ್ನು ಇಟ್ಟುಕೊಳ್ಳಿ. 22 ಡಿಗ್ರಿಗೆ ಜಾರಿತು ಅನ್ನಿ, ಅಂದರೆ 0.4.

ಬಾಟಲಿಯನ್ನು ನೆಟ್ಟಗೆ ಹಿಡಿದು ಸೆಕೆಂಡ್ ವರ್ಗಕ್ಕೆ 3 ಮೀಟರ್ ವೇಗೋತ್ಕರ್ಷದಲ್ಲಿ ಎತ್ತಿದರೆ ಒಟ್ಟು ಬಲ 7.7 ನ್ಯೂಟನ್. ಬೆರಳುಗಳು 120 ಡಿಗ್ರಿಗೊಂದರಂತೆ ಇದ್ದರೆ ಪ್ರತಿಯೊಂದಕ್ಕೆ 2.56. ಅದನ್ನು 0.4ರಿಂದ ಭಾಗಿಸಿದರೆ 6.4 ನ್ಯೂಟನ್ ಒತ್ತಬೇಕು. ಒಂದೂವರೆ ಪಟ್ಟು ಭದ್ರತೆ ಸೇರಿಸಿ 9.6. ಬೆರಳಿನ ಬುಡದ ಕೀಲು ತುದಿಯಿಂದ 8 ಸೆಂ.ಮೀ. ಇದ್ದರೆ ಮೋಟರ್ 0.77 ನ್ಯೂಟನ್-ಮೀಟರ್ ಹಿಡಿದು ನಿಲ್ಲಬೇಕು. ಎತ್ತುವ ಕ್ಷಣಕ್ಕಷ್ಟೇ ಅಲ್ಲ, ಹಿಡಿದಷ್ಟು ಹೊತ್ತೂ. ಮೋಟರ್ ಬಿಸಿಯಾಗುವುದು ಇಲ್ಲಿ, ಹಾಗಾಗಿ ಹಿಂದಕ್ಕೆ ತಿರುಗದ ವರ್ಮ್ ಗೇರ್ ಹಾಕಿದವರನ್ನು ಬೈಯಲಾಗದು.

120 ಡಿಗ್ರಿ ಇಲ್ಲದಿದ್ದರೆ ಮೂರೂ ಬೆರಳು ಸಮ ಒತ್ತುವಂತಿಲ್ಲ. ಒಂದು ಹೆಬ್ಬೆರಳು, ಎದುರಿಗೆ 60 ಡಿಗ್ರಿ ಅಂತರದಲ್ಲಿ ಎರಡು ಬೆರಳು ಇದ್ದಲ್ಲಿ ಹೆಬ್ಬೆರಳು ಒಂದೊಂದರ 1.73 ಪಟ್ಟು ಒತ್ತಬೇಕು. ಮೂರಕ್ಕೂ ಒಂದೇ ಕರೆಂಟ್ ಕೊಟ್ಟರೆ ಬಾಟಲಿ ಹೆಬ್ಬೆರಳಿನ ಕಡೆಗೆ ಸರಿಯುತ್ತದೆ. ತರಗತಿಯಲ್ಲಿ ಮಾಡಿಸುವ ಮಾದರಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

ಬಾಟಲಿಯನ್ನು ವಾಲಿಸುವುದೂ ಇದ್ದರೆ ಕೈಲೆಕ್ಕ ಸಾಲದು. ಪ್ರತಿ ಬೆರಳಿನ ಬಲವೂ ತನ್ನ ಘರ್ಷಣೆಯ ಶಂಕುವಿನೊಳಗೆ (ಜಾರದಂತೆ ಬಲ ಓರೆಯಾಗಬಹುದಾದ ಮಿತಿಯೊಳಗೆ) ಇರಬೇಕು, ಕೀಲುಗಳ ಮಿತಿ ಮೀರಬಾರದು, ಒಟ್ಟು ಬೇಕಾದ ಬಲ ಬರಬೇಕು, ಅತಿ ದೊಡ್ಡ ಒತ್ತಡ ಆದಷ್ಟು ಸಣ್ಣದಿರಬೇಕು ಎಂಬ ಆಪ್ಟಿಮೈಸೇಶನ್ ಪ್ರತಿ ಸುತ್ತಿನಲ್ಲೂ ಬಿಡಿಸಬೇಕಾಗುತ್ತದೆ. ಶಂಕುವನ್ನು ಒಳಗಿನಿಂದ ನಾಲ್ಕು ಮುಖದ ಪಿರಮಿಡ್ ಮಾಡಿಕೊಂಡರೆ ಲೆಕ್ಕ ಸರಳವಾಗುತ್ತದೆ; ಅದಕ್ಕೆ ಬೆಲೆಯಾಗಿ ಮುಖಗಳ ದಿಕ್ಕಿನಲ್ಲಿ ಘರ್ಷಣೆಯ ಶೇ. 29ರಷ್ಟನ್ನು ಸುಮ್ಮನೆ ಬಿಟ್ಟುಕೊಡುತ್ತೀರಿ. ಪಿರಮಿಡ್ ಬೇಡ ಎನ್ನುವವರಿಗೆ 1996ರಲ್ಲಿ ಮಾರ್ಟಿನ್ ಬುಸ್, ಹಿದೆಕಿ ಹಾಶಿಮೊಟೊ, ಜಾನ್ ಮೂರ್ ಶಂಕುವಿನ ಷರತ್ತನ್ನು ಒಂದು ಮ್ಯಾಟ್ರಿಕ್ಸ್ ಧನಾತ್ಮಕವಾಗಿರಬೇಕು ಎಂದು ಬರೆದು ದಾರಿ ಮಾಡಿದರು. 2007ರಲ್ಲಿ ಸ್ಟೀಫನ್ ಬಾಯ್ಡ್ ಮತ್ತು ಬೆನ್ ವೆಗ್‌ಬ್ರೈಟ್ ಅದನ್ನು ಇನ್ನೂ ಬೇಗ ಬಿಡಿಸುವ ವಿಧಾನ ಕೊಟ್ಟರು.

ಪ್ರಶ್ನೆ: ಘರ್ಷಣೆಯನ್ನೇ ನಂಬದೆ ವಸ್ತುವನ್ನು ಪೂರ್ತಿ ಕಟ್ಟಿಹಾಕಲು ಎಷ್ಟು ಬೆರಳು ಬೇಕು?
— ಓದುಗರು, ಶಿವಮೊಗ್ಗ

ಸಮತಲದಲ್ಲಿ ಕನಿಷ್ಠ ನಾಲ್ಕು ಸ್ಪರ್ಶಬಿಂದು, ಮೂರು ಆಯಾಮದಲ್ಲಿ ಏಳು. ಸಮತಲದ್ದು 1876ರ ಫ್ರಾಂಟ್ಸ್ ರೂಲೊ ಅವರ ಕಾಲದಿಂದ ಗೊತ್ತು. ಮೂರು ಆಯಾಮದ ಏಳನ್ನು ಕೆ. ಲಕ್ಷ್ಮೀನಾರಾಯಣ 1978ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ನುಣುಪಾದ ಗೋಲಿಯಂಥ ವಸ್ತುವಿಗೆ ಎಷ್ಟು ಬೆರಳಿದ್ದರೂ ಆಗದು, ಅದು ಒಳಗೇ ತಿರುಗುತ್ತಿರುತ್ತದೆ. ಯಂತ್ರದ ಫಿಕ್ಸ್ಚರ್ ಮಾಡುವವರಿಗೆ ಈ ಲೆಕ್ಕ ಕೆಲಸಕ್ಕೆ ಬರುತ್ತದೆ, ಬೆರಳಿನ ರೋಬಾಟಿಗೆ ಘರ್ಷಣೆ ಇಲ್ಲದೆ ನಡೆಯದು.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಎರಡು ಸಣ್ಣ ತೋಳು ಮಾಡಿದ್ದೇವೆ. ಆರು-ಅಕ್ಷದ ಫೋರ್ಸ್ ಸೆನ್ಸರ್ ಬೆಲೆ ಕೈಗೆಟುಕದು. ಮೋಟರ್ ಕರೆಂಟ್ ನೋಡಿ ಬಲ ಅಳೆಯಬಹುದೇ?
— ವಿದ್ಯಾರ್ಥಿ ತಂಡ, ಬೆಳಗಾವಿ

ಗೇರ್ ಅನುಪಾತ 100ರ ಆಸುಪಾಸು ಇದ್ದರೆ ಬೇಡ. ಕರೆಂಟಿನ ಬಹುಪಾಲು ಗೇರಿನ ಘರ್ಷಣೆಗೇ ಹೋಗುತ್ತದೆ, ಅದೂ ತೋಳು ನಿಂತಾಗ ಒಂದು ಥರ, ಚಲಿಸುವಾಗ ಇನ್ನೊಂದು ಥರ. ಬೇಕಾದ 5 ನ್ಯೂಟನ್ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹವ್ಯಾಸಿ ಸರ್ವೊ ಆದರೆ ಕರೆಂಟ್ ಓದುವ ತಂತಿಯೂ ಇರುವುದಿಲ್ಲ.

ನಿಮಗೆ ಆರು ಅಕ್ಷ ಬೇಕಾಗಿಲ್ಲ, ಒತ್ತುವ ದಿಕ್ಕೊಂದೇ ಸಾಕು. ಪ್ರತಿ ಅಂಗೈ ಹಿಂದೆ 5 ಕೆ.ಜಿ.ಯ ಬಾರ್ ಲೋಡ್ ಸೆಲ್ (ಬಲ ಅಳೆಯುವ ಲೋಹದ ಪಟ್ಟಿ), ಅದರ ಸಂಕೇತವನ್ನು ಅಂಕಿಯಾಗಿಸಲು ಎಚ್‌ಎಕ್ಸ್‌711 ಬೋರ್ಡ್. ಮಾರುಕಟ್ಟೆಯ ಬೋರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಓದಿಗೆ ಕಟ್ಟಿ ಬರುತ್ತವೆ, ರೇಟ್ ಪಿನ್ನನ್ನು ಮೇಲೆತ್ತಿ 80 ಮಾಡಿಕೊಳ್ಳಿ. ಆದರೂ ಬಲ ಬದಲಾದ ಮೇಲೆ ಸರಿಯಾದ ಅಂಕಿ ಬರಲು 50 ಮಿಲಿಸೆಕೆಂಡ್ ಹಿಡಿಯುತ್ತದೆ. 10ರಲ್ಲೇ ಬಿಟ್ಟರೆ 400. ಲೂಪ್ ಇಷ್ಟು ನಿಧಾನ ಇರುವಾಗ ಅಂಗೈ ಮೆತ್ತಗಿರಲೇಬೇಕು.

ಲೆಕ್ಕ ಹೀಗಿದೆ. ಬಲ ಕಡಿಮೆ ಇದ್ದರೆ ಮುಂದೆ, ಹೆಚ್ಚಿದ್ದರೆ ಹಿಂದೆ, ತಪ್ಪಿಗೆ ಅನುಪಾತವಾಗಿ ಅಂಗೈ ಸರಿಯಲಿ. ಆ ಅನುಪಾತ, ಸ್ಪರ್ಶದ ಬಿಗಿತ, ಸೆನ್ಸರಿನ ಸಮಯ ಮೂರರ ಗುಣಲಬ್ಧ 0.2ರ ಆಸುಪಾಸಿನಲ್ಲಿದ್ದರೆ ನೆಮ್ಮದಿ; ಒಂದರ ಹತ್ತಿರ ಹೋದರೆ ಅಂಗೈ ಟಕಟಕ ಬಡಿಯತೊಡಗುತ್ತದೆ. ಮಿ.ಮೀ.ಗೆ 20 ನ್ಯೂಟನ್ನಿನ ರಬ್ಬರ್ ಪ್ಯಾಡ್ ಹಾಕಿದರೆ ಪ್ರತಿ ನ್ಯೂಟನ್ ತಪ್ಪಿಗೆ ಸೆಕೆಂಡಿಗೆ 0.2 ಮಿ.ಮೀ. ಸಿಗುತ್ತದೆ, 10 ನ್ಯೂಟನ್ ತಪ್ಪಿಗೆ 2 ಮಿ.ಮೀ., ಓಡಿಸಬಹುದು. ಬರೀ ಲೋಹಕ್ಕೆ ಲೋಹ ತಾಗಿಸಿದರೆ, ಬಿಗಿತ 500 ಎಂದಿಟ್ಟುಕೊಂಡರೂ, ಅದೇ 10 ನ್ಯೂಟನ್ ತಪ್ಪಿಗೆ ಸಿಗುವುದು ಸೆಕೆಂಡಿಗೆ 0.08 ಮಿ.ಮೀ. ಅದು ತಪ್ಪು ತಿದ್ದುವಷ್ಟರಲ್ಲಿ ವಸ್ತು ನೆಲದ ಮೇಲಿರುತ್ತದೆ.

ಎರಡು ಅಂಗೈಗಳ ಓದಿನ ಸರಾಸರಿಯನ್ನು ಒತ್ತುವ ಬಲವೆಂದು ತೆಗೆದುಕೊಳ್ಳಿ. ಎರಡರ ವ್ಯತ್ಯಾಸ ಸೊನ್ನೆ ಇರದಿದ್ದರೆ ವಸ್ತು ವೇಗ ಪಡೆಯುತ್ತಿದೆ ಅಥವಾ ಮೇಜಿಗೆ ತಾಗಿದೆ. ಎರಡನ್ನೂ ಬೇರೆಬೇರೆಯಾಗಿ 10 ನ್ಯೂಟನ್ನಿಗೆ ಹಿಡಿದಿಡಲು ಹೊರಟರೆ, ಒಂದು ಸೆಲ್ 10.2 ಅನ್ನುವುದು, ಇನ್ನೊಂದು 9.8 ಅನ್ನುವುದು, ವಸ್ತು ಮೆಲ್ಲಗೆ ಒಂದು ಕಡೆಗೆ ತೆವಳುತ್ತಲೇ ಇರುವುದು.

ಪ್ರಶ್ನೆ: ನಾಲ್ಕು ಕಾಲಿನ ರೋಬಾಟ್‌ಗಳಿಗೂ ಇದೇ ಗಣಿತವೇ?
— ಓದುಗರು, ಮೈಸೂರು

ಹೌದು, ತಲೆಕೆಳಗಾಗಿ. ಅಲ್ಲಿ ಹಿಡಿದದ್ದು ನೆಲ. ನಾಲ್ಕು ಪಾದಕ್ಕೆ ತಲಾ ಮೂರು ಬಲ, ಒಟ್ಟು 12. ದೇಹಕ್ಕೆ ಬೇಕಾದ್ದು ಆರು. ಎರಡು ವ್ಯತ್ಯಾಸಗಳಿವೆ: ಪಾದ ನೆಲವನ್ನು ತಳ್ಳಬಲ್ಲದು, ಎಳೆಯಲಾರದು, ಮತ್ತು ಪಾದ ಎತ್ತುವ ಮೊದಲು ಅದರ ಪಾಲನ್ನು ಸೊನ್ನೆಗೆ ಇಳಿಸಿ ಉಳಿದವಕ್ಕೆ ದಾಟಿಸಬೇಕು, ಇಲ್ಲವಾದರೆ ದೇಹ ಜರ್ಕ್ ಹೊಡೆಯುತ್ತದೆ. ಕರ್ಣದ ಎರಡು ಪಾದಗಳಲ್ಲಿ ಓಡುವಾಗ ಎರಡು ಬೆರಳಿನ ಮೋಸವೇ ಮರಳಿ ಬರುತ್ತದೆ: ಆ ಎರಡು ಪಾದಗಳನ್ನು ಸೇರಿಸುವ ಗೆರೆಯ ಸುತ್ತ ದೇಹ ಉರುಳುವುದನ್ನು ಆ ಕ್ಷಣಕ್ಕೆ ಯಾವ ಬಲವೂ ತಡೆಯದು, ಮುಂದಿನ ಜೋಡಿ ಪಾದ ಬಂದು ಸರಿಪಡಿಸಬೇಕು. ಹಾಗಾಗಿ 2018ರಲ್ಲಿ ಎಂಐಟಿಯ ಚೀತಾ 3ಕ್ಕೆ ಬರೆದ ನಿಯಂತ್ರಕ ಆ ಕ್ಷಣದ ಹಂಚಿಕೆಯೊಂದನ್ನೇ ಬಿಡಿಸುವುದಿಲ್ಲ. ಮುಂದಿನ ಹಲವು ಕ್ಷಣಗಳ ಬಲಗಳನ್ನೂ ಒಟ್ಟಿಗೆ ಲೆಕ್ಕ ಹಾಕಿ, ಮೊದಲಿನದನ್ನು ಮಾತ್ರ ಪಾದಕ್ಕೆ ಕಳಿಸುತ್ತದೆ.